ಸ್ಮಾರ್ಟ್ ಮೀಟರ್‌ಗೆ ಹೂಂ ಅನ್ನುವ ಮೊದಲು ಹಳೇ ಮೀಟರ್ ಓದಿದೆ

ಕರೆಂಟ್ ಲೆಕ್ಕವನ್ನು ತಾನೇ ದೂರಕ್ಕೆ ಕಳಿಸುವ ಸ್ಮಾರ್ಟ್ ಮೀಟರ್ ಹಾಕಿಸಿಕೊಳ್ಳುತ್ತೀರಾ ಅಂತ ಕೇಳಿ ವಿದ್ಯುತ್ ಕಂಪನಿಯಿಂದ ಪತ್ರ ಬಂತು. ಬೇಕು, ಬೇಡ ಎರಡಕ್ಕೂ ಅವಕಾಶ ಇತ್ತು. ಮನೆಯಲ್ಲಿ ಮೂರು ಮಾತು ಹುಟ್ಟಿತು. ಬಿಲ್ ಕಡಿಮೆಯಾಗುತ್ತೆ ಅಂದಳು ಮಗಳು. ಅದು ಜೋರಾಗಿ ಓಡುತ್ತಂತೆ, ಬೇಡ ಅಂದಳು ಹೆಂಡತಿ. ಅದರ ಅಲೆಗಳು ಮೈಗೆ ಒಳ್ಳೆಯದಲ್ಲ ಅಂದರು ಅಮ್ಮ. ಮೂವರ ಮಾತಿನಲ್ಲೂ ನನಗೆ ಲೆಕ್ಕ ಕಾಣಲಿಲ್ಲ. ಒಂದು ನೋಟ್‌ಬುಕ್ ಹಿಡಿದು ಹಳೇ ಮೀಟರ್ ಮುಂದೆ ಹೋಗಿ ನಿಂತೆ.

ಎರಡು ವಾರ ದಿನಕ್ಕೆ ನಾಲ್ಕು ಸಲ ರೀಡಿಂಗ್ ಬರೆದೆ: ಬೆಳಿಗ್ಗೆ 6, ಬೆಳಿಗ್ಗೆ 10, ಸಂಜೆ 6, ರಾತ್ರಿ 11. ದಿನಕ್ಕೆ ಸುಮಾರು 9 ಯೂನಿಟ್ ಬಂತು. ಬೆಳಿಗ್ಗೆ 2.2, ಹಗಲು 2.2, ಸಂಜೆ 3.2, ಎಲ್ಲರೂ ಮಲಗಿದ ಏಳು ಗಂಟೆಯಲ್ಲಿ 1.4. ಈ ಕೊನೆಯದು ನನ್ನ ನಿದ್ದೆ ಕೆಡಿಸಿತು. ಏಳು ಗಂಟೆಗೆ 1.4 ಯೂನಿಟ್ ಅಂದರೆ ರಾತ್ರಿಯಿಡೀ ಸರಾಸರಿ 200 ವ್ಯಾಟ್ ಓಡುತ್ತಲೇ ಇದೆ. ಯಾರು ತಿನ್ನುತ್ತಿದ್ದಾರೆ?

ನಮ್ಮ ಹಳೇ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತದೆ. ಪಕ್ಕದಲ್ಲಿ 3200 ಅಂತ ಬರೆದಿದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. (ನಿಮ್ಮದರಲ್ಲಿ ಬೇರೆ ಸಂಖ್ಯೆ ಇರಬಹುದು, ನೋಡಿಕೊಳ್ಳಿ.) ಒಂದು ಮಿಣುಕಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಎಣಿಸಿ, 1125ನ್ನು (36 ಲಕ್ಷವನ್ನು 3200ರಿಂದ ಭಾಗಿಸಿದರೆ ಬರುವುದು) ಅದರಿಂದ ಭಾಗಿಸಿದರೆ ಆ ಕ್ಷಣದ ವ್ಯಾಟ್ ಸಿಗುತ್ತದೆ. ಹತ್ತು ಮಿಣುಕು ಎಣಿಸಿ ಸರಾಸರಿ ತೆಗೆದರೆ ತಪ್ಪು ಕಡಿಮೆ. ಒಂದು ಎಚ್ಚರಿಕೆ: ಫ್ರಿಜ್‌ನ ಮೋಟರ್ ಆಗಾಗ ಶುರುವಾಗಿ ನಿಲ್ಲುತ್ತದೆ. ಹಾಗಾಗಿ ಎಣಿಸುವ ಹೊತ್ತಿಗೆ ಅದರ ಪ್ಲಗ್ ತೆಗೆದಿಡಬೇಕು, ಆಮೇಲೆ ಮರೆಯದೆ ಹಾಕಬೇಕು. ನಾನು ಒಂದು ಸಲ ಮರೆತೆ. ಅದರ ಕಥೆ ಬೇಡ.

ಒಂದು ರಾತ್ರಿ ನಾನು ಕೆಳಗೆ ಮೀಟರ್ ಹತ್ತಿರ, ಮಗಳು ಮೇಲೆ ಮನೆಯಲ್ಲಿ, ನಡುವೆ ಫೋನ್. ಫ್ರಿಜ್ ಬಿಟ್ಟು ಹತ್ತು ಮಿಣುಕಿಗೆ 75 ಸೆಕೆಂಡ್, ಅಂದರೆ 150 ವ್ಯಾಟ್. ಅವಳು ಒಂದೊಂದೇ ಸ್ವಿಚ್ ಆರಿಸುತ್ತಾ ಹೋದಳು. ಅವಳ ಕಂಪ್ಯೂಟರ್ ಆರಿಸಿದ ತಕ್ಷಣ ಮಿಣುಕು ನಿಧಾನವಾಯಿತು. ಅವಳು ರಾತ್ರಿ ಬರೀ ಪರದೆ ಆರಿಸುತ್ತಿದ್ದಳು, ಯಂತ್ರ ಓಡುತ್ತಲೇ ಇರುತ್ತಿತ್ತು. ಟಿವಿಯ ಸೆಟ್‌ಟಾಪ್ ಬಾಕ್ಸ್ ಆರಿಸಿದಾಗ ಇನ್ನೊಂದಿಷ್ಟು. ಯಾರೂ ಕೇಳದ ಹಳೇ ಸ್ಪೀಕರ್ ಸೆಟ್ ಆರಿಸಿದಾಗ ಮತ್ತೊಂದಿಷ್ಟು. ಕೊನೆಗೆ ಹತ್ತು ಮಿಣುಕಿಗೆ 132 ಸೆಕೆಂಡ್, ಅಂದರೆ ಸುಮಾರು 85 ವ್ಯಾಟ್. ಉಳಿದದ್ದು ಫ್ಯಾನ್ ಮತ್ತು ರೌಟರ್. 65 ವ್ಯಾಟ್ ಸುಮ್ನೆ ಹೋಗುತ್ತಿತ್ತು. ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಅದು ದಿನಕ್ಕೆ ಒಂದೂವರೆ ಯೂನಿಟ್. ಹೊಸ ಮೀಟರ್ ಇಲ್ಲದೇ ಇಷ್ಟು ಉಳಿಯಿತು.

ಹಾಗಾದರೆ ಹೊಸ ಮೀಟರ್ ಯಾಕೆ? ಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ಹೊತ್ತಿಗೆ ತಕ್ಕ ದರ. ಹಳೇ ಮೀಟರ್ ಒಟ್ಟು ಎಷ್ಟಾಯಿತು ಅಂತ ಮಾತ್ರ ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ. ಸ್ಮಾರ್ಟ್ ಮೀಟರ್ ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ಲೆಕ್ಕ ಬರೆದಿಡುತ್ತದೆ. ಆದ್ದರಿಂದಲೇ ಸಂಜೆಗೆ ಒಂದು ದರ, ರಾತ್ರಿಗೆ ಇನ್ನೊಂದು ದರ ಹಾಕಲು ಆಗುವುದು. ನಾನು ಸಂಜೆ ದರ 20% ಜಾಸ್ತಿ, ರಾತ್ರಿ ದರ 20% ಕಡಿಮೆ ಅಂತ ಇಟ್ಟುಕೊಂಡು ನೋಟ್‌ಬುಕ್‌ನ ಅಂಕಿಗಳನ್ನು ಅದರಲ್ಲಿ ಹಾಕಿದೆ. 9 ಯೂನಿಟ್‌ಗೆ 9.36 ಯೂನಿಟ್‌ನ ದುಡ್ಡು! ವಾಷಿಂಗ್ ಮೆಷೀನ್, ಸಂಜೆಯ ಗೀಸರ್ ಎರಡನ್ನೂ ರಾತ್ರಿಗೆ ತಳ್ಳಿದರೆ 0.7 ಯೂನಿಟ್ ಆ ಕಡೆ ಹೋಗುತ್ತದೆ. ಆಗಲೂ 9.08. ಅಡುಗೆ, ದೀಪ, ಟಿವಿ ಇವನ್ನೆಲ್ಲ ಮಧ್ಯರಾತ್ರಿಗೆ ತಳ್ಳಲು ಆಗುವುದಿಲ್ಲ ಅಲ್ವಾ? ಹಗಲು ಖಾಲಿ ಇದ್ದು ಸಂಜೆ ತುಂಬುವ ಮನೆ ನಮ್ಮದು. ರಾತ್ರಿ ಕಾರ್ ಚಾರ್ಜ್ ಮಾಡುವವರ ಲೆಕ್ಕವೇ ಬೇರೆ, ಅವರಿಗೆ ನಿಜವಾಗಿ ಲಾಭ ಇದೆ.

ಜೋರಾಗಿ ಓಡುವ ಮಾತನ್ನೂ ತಳ್ಳಿಹಾಕಲಿಲ್ಲ. 2017ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ, ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್‌ಗೆ ಜೋಡಿಸಿದ ದೀಪಗಳ ಜೊತೆ ಕೆಲವು ಎಲೆಕ್ಟ್ರಾನಿಕ್ ಮೀಟರ್‌ಗಳು ನಿಜಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೋರಿಸಿದ್ದವು. ಎಲ್ಲ ಮೀಟರ್‌ಗಳೂ ಹಾಗಲ್ಲ, ಕೆಲವು ಕಡಿಮೆಯೂ ತೋರಿಸಿದವು. ಇನ್ನೊಂದು ಕಡೆ, ಚಕ್ರ ತಿರುಗುವ ಹಳೇ ಮೀಟರ್ ಸವೆದು ನಿಧಾನವಾಗಿದ್ದರೆ, ಹೊಸದು ಸರಿಯಾಗಿ ಎಣಿಸಿದರೂ ಬಿಲ್ ಏರುತ್ತದೆ. ಅಲೆಗಳ ವಿಷಯ ಅಮ್ಮನಿಗೆ ಹೀಗೆ ಹೇಳಿದೆ: ಅದು ಆಗಾಗ ಒಂದು ಚೂರು ಸುದ್ದಿ ಕಳಿಸಿ ಸುಮ್ಮನಾಗುತ್ತದೆ, ನೀವು ಕಿವಿಗೆ ಒತ್ತಿ ಗಂಟೆಗಟ್ಟಲೆ ಮಾತಾಡುವ ಫೋನ್ ಅದಕ್ಕಿಂತ ಹತ್ತಿರ. ಅವರು ಒಪ್ಪಲಿಲ್ಲ, ಆದರೆ ವಾದ ನಿಲ್ಲಿಸಿದರು.

ನನಗೆ ನಿಜವಾಗಿ ಅಳುಕು ಇದ್ದದ್ದು ಬೇರೆ ಎರಡು ವಿಷಯಕ್ಕೆ. ಅರ್ಧ ಗಂಟೆಯ ಲೆಕ್ಕ ನೋಡಿದರೆ ನಾವು ಯಾವಾಗ ಏಳುತ್ತೇವೆ, ಯಾವಾಗ ಊರಲ್ಲಿ ಇಲ್ಲ ಎಲ್ಲವೂ ಗೊತ್ತಾಗುತ್ತದೆ. ಇನ್ನೊಂದು, ಯಾರೂ ಮನೆಗೆ ಬರದೇ ದೂರದಿಂದಲೇ ಕರೆಂಟ್ ಕಡಿಯಬಹುದು. ಲೆಕ್ಕ ಯಾರು ನೋಡುತ್ತಾರೆ, ಕಡಿಯುವ ಮೊದಲು ಹೇಗೆ ತಿಳಿಸುತ್ತಾರೆ ಅಂತ ಬರೆದು ಕೇಳಿದೆ. ಎರಡು ಸಲ ನೆನಪಿಸಿದ ಮೇಲೆ ಉತ್ತರ ಬಂತು.

ಕೊನೆಗೆ ಹಾಕಿಸಿದೆ. ಆದರೆ ಹಳೆಯ ಒಂದೇ ದರದಲ್ಲೇ ಉಳಿದೆ. ಹಾಕಿಸಿದ್ದಕ್ಕೆ ಮುಖ್ಯ ಕಾರಣ ಅಂದಾಜು ಬಿಲ್. ಮನೆಗೆ ಬೀಗ ಇದ್ದ ತಿಂಗಳು ಅಂದಾಜಿನಲ್ಲಿ ಬಿಲ್ ಹಾಕಿ, ಮುಂದಿನ ತಿಂಗಳು ಅದನ್ನು ಸರಿಮಾಡಲು ನನ್ನನ್ನು ಅಲೆಸಿದ್ದು ಎರಡು ಸಲ ಆಗಿತ್ತು.

ಹಳೇ ಮೀಟರ್ ಬಿಚ್ಚುವ ಮೊದಲು ಕೊನೆಯ ರೀಡಿಂಗ್‌ನ ಫೋಟೋ ತೆಗೆದೆ, ಹೊಸದರ ಮೊದಲ ರೀಡಿಂಗ್‌ನದ್ದೂ. ಆಮೇಲೆ ಮನೆಯ ಮೇನ್ ಸ್ವಿಚ್ ಆರಿಸಿ ನೋಡಿದೆ. ಮಿಣುಕು ನಿಂತಿತು, ಅಂದರೆ ನಮ್ಮ ಲೆಕ್ಕಕ್ಕೆ ಬೇರೆಯವರ ಮನೆ ಸೇರಿಲ್ಲ. 1000 ವ್ಯಾಟ್‌ನ ನೀರು ಕಾಯಿಸುವ ರಾಡ್ ಒಂದನ್ನೇ ಅರ್ಧ ಗಂಟೆ ಹಾಕಿದಾಗ ಅರ್ಧ ಯೂನಿಟ್‌ಗಿಂತ ಚೂರು ಕಡಿಮೆ ಬಂತು. ವೋಲ್ಟೇಜ್ ಕಡಿಮೆ ಇದ್ದರೆ ರಾಡ್ ಎಳೆಯುವುದೂ ಕಡಿಮೆ, ಹಾಗಾಗಿ ಸಮಾಧಾನವಾಯಿತು. ಇಸ್ತ್ರಿಪೆಟ್ಟಿಗೆಯಲ್ಲಿ ಈ ಪರೀಕ್ಷೆ ಮಾಡಬೇಡಿ, ಅದು ಬಿಸಿಯಾದಾಗ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ.

ಮೂರನೇ ವಾರ ಹೊಸ ಮೀಟರಿನ ಲೆಕ್ಕದ ಗ್ರಾಫ್ ನೋಡುತ್ತಿದ್ದಾಗ, ಯಾರೂ ಇಲ್ಲದ ಹಗಲಿನಲ್ಲಿ ಸಣ್ಣ ಸಣ್ಣ ಉಬ್ಬುಗಳು ಕಂಡವು. ದಿನಕ್ಕೆ ನಾಲ್ಕು ರೀಡಿಂಗ್ ಬರೆದಿದ್ದ ನನ್ನ ನೋಟ್‌ಬುಕ್‌ಗೆ ಅದು ಸಿಕ್ಕಿರಲಿಲ್ಲ. ಗೀಸರ್! ಬೆಳಿಗ್ಗೆ ಸ್ವಿಚ್ ಆರಿಸದೇ ಹೋಗಿರುತ್ತಿದ್ದೆವು. ನೀರು ಆರಿದಾಗಲೆಲ್ಲ ಅದು ತಾನೇ ಮತ್ತೆ ಕಾಯಿಸುತ್ತಿತ್ತು. ಮಗಳು ಆ ಸ್ವಿಚ್ ಪಕ್ಕ ಕೆಂಪು ಚೀಟಿ ಅಂಟಿಸಿದ್ದಾಳೆ. ಅವಳ ಕಂಪ್ಯೂಟರ್ ಮೇಲೆ ನಾನು ಒಂದು ಅಂಟಿಸಿದ್ದೇನೆ.