ಆಟೋಕ್ಲೇವ್‌ನಲ್ಲಿ ತುರುಕಬೇಡಿ, ಹಬೆಗೆ ದಾರಿ ಬಿಡಿ

ತೊಂದೂರಿನಲ್ಲಿ, ಅಂದರೆ ಹಬೆಯಲ್ಲಿ ಬೇಯಿಸುವ ಪಾತ್ರೆಯಲ್ಲಿ, ಕೊಟ್ಟೆ ಕಡುಬು ಇಕ್ಕಟ್ಟಾಗಿ ತುಂಬಿದರೆ ನಡುವಿನದು ಹಸಿಯಾಗಿಯೇ ಉಳಿಯುತ್ತದೆ, ಅಲ್ವಾ? ಮಂಗಳೂರಿನ ಸಣ್ಣ ಕ್ಲಿನಿಕ್‌ಗಳಲ್ಲಿ ಆಟೋಕ್ಲೇವ್ (ಉಪಕರಣಗಳ ಮೇಲಿನ ಕೀಟಾಣುಗಳನ್ನು ಹಬೆಯಿಂದ ಕೊಲ್ಲುವ ಯಂತ್ರ) ತುಂಬುವುದನ್ನು ನೋಡಿದಾಗೆಲ್ಲ ನನಗೆ ಅದೇ ನೆನಪು. ಹಸಿ ಕಡುಬು ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ಹಸಿ ಫೋರ್ಸೆಪ್ಸ್, ಅಂದರೆ ಕೀಟಾಣು ಸಾಯದೆ ಉಳಿದ ಇಕ್ಕಳ, ಗೊತ್ತಾಗುವುದಿಲ್ಲ.

ಮೊದಲು ತೊಳೆಯಿರಿ. ರಕ್ತ ಒಣಗುವ ಮುಂಚೆ, ತಣ್ಣೀರಿನಲ್ಲಿ, ಬ್ರಶ್ ಹಾಕಿ. ಬಿಸಿನೀರು ಸುರಿದರೆ ರಕ್ತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸ್ಟೀಲ್ ನಾರು ಮುಟ್ಟಲೇಬೇಡಿ, ಗೀರು ಬೀಳುತ್ತದೆ. ಒರೆಸಿ, ಕತ್ತರಿಗಳ ಬಾಯಿ ತೆರೆದಿಟ್ಟು, ಪೇಪರ್ ಪೌಚ್‌ಗೆ ಹಾಕಿ.

ಎಡವುವುದು ಮುಂದಿನ ಹಂತದಲ್ಲಿ. ಕೀಟಾಣುಗಳನ್ನು ಕೊಲ್ಲುವುದು ಒತ್ತಡ ಅಲ್ಲ, ಹಬೆಯ ಬಿಸಿ. ತಣ್ಣಗಿನ ಲೋಹಕ್ಕೆ ತಾಗಿದ ಹಬೆ ನೀರಾಗುತ್ತದೆ, ಆಗ ತನ್ನಲ್ಲಿ ಅಡಗಿದ್ದ ಶಾಖವನ್ನು ಅಲ್ಲೇ ಬಿಟ್ಟುಕೊಡುತ್ತದೆ. ನಡುವೆ ಗಾಳಿ ನಿಂತರೆ ಹಬೆ ತಾಗುವುದೇ ಇಲ್ಲ. ಗಾಳಿ ಹಬೆಗಿಂತ ಭಾರ. ಅಂಗಾತ ಇಟ್ಟ ಕಿಡ್ನಿ ಟ್ರೇಯಲ್ಲಿ ನೀರು ನಿಂತಂತೆ ನಿಲ್ಲುತ್ತದೆ. ಅದಕ್ಕೇ ಟ್ರೇ, ಪೌಚ್ ಎಲ್ಲವನ್ನೂ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಬೆರಳು ತೂರುವಷ್ಟು ಜಾಗ ಬಿಡಿ. ಸಾಮಾನು ತುಂಬಿಡುವ ಸ್ಟೀಲ್ ಡ್ರಮ್ ಆದರೆ ಪಕ್ಕದ ತೂತುಗಳನ್ನು ತೆರೆದಿಡಿ. ಮುಚ್ಚಿದ ಸ್ಟೀಲ್ ಡಬ್ಬಿಯನ್ನೇ ಒಳಗಿಟ್ಟವರನ್ನೂ ಕಂಡಿದ್ದೇನೆ. ಹಬೆ ಹೋಗುವುದು ಎಲ್ಲಿಂದ?

ಕುಕ್ಕರ್ ಥರದ ಆಟೋಕ್ಲೇವ್‌ನಲ್ಲಿ ವಾಲ್ವ್ ತೆರೆದೇ ಕಾಯಿಸಿ. ಮೊದಲು ಪುಸ್ ಪುಸ್ ಎಂದು ತಡೆತಡೆದು ಬರುವುದು ಗಾಳಿ. ಹಬೆ ಒಂದೇ ಸಮ ಬುಸ್ಸೆಂದು ಬರಲು ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಮುಚ್ಚಿ. ಅವಸರ ಮಾಡಿ ಅರ್ಧ ಗಾಳಿ ಉಳಿಸಿದರೆ ಒತ್ತಡದ ಮುಳ್ಳು 15 ಪೌಂಡ್ ತೋರಿಸಿದರೂ ಒಳಗೆ ಸುಮಾರು 112 ಡಿಗ್ರಿಯಷ್ಟೇ. ಬೇಕಾದದ್ದು 121. ಆ 121 ಮುಟ್ಟಿದ ಮೇಲೆ ಗಡಿಯಾರ ನೋಡಿ, ಸುತ್ತಿದ ಸಾಮಾನಿಗೆ 30 ನಿಮಿಷ. ವ್ಯಾಕ್ಯೂಮ್ ಇರುವ ಯಂತ್ರ ಗಾಳಿಯನ್ನು ತಾನೇ ಎಳೆದು ಹಾಕುತ್ತದೆ, 132 ಡಿಗ್ರಿಯಲ್ಲಿ 4 ನಿಮಿಷ ಸಾಕು.

ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರು ಹಾಕಿ ಆಮೇಲೆ ಬಿಳಿ ಪದರ ಕೆರೆಯುತ್ತಾ ಕೂರಬೇಡಿ.

ಪೊಟ್ಟಣಕ್ಕೆ ಅಂಟಿಸಿದ, ಬಿಸಿಗೆ ಬಣ್ಣ ಬದಲಿಸುವ ಟೇಪಿನ ಮೇಲೆ ಕಪ್ಪು ಗೆರೆ ಬಂತು ಎಂದು ಸುಮ್ನೆ ಖುಷಿಪಡಬೇಡಿ. ಪೊಟ್ಟಣದ ಹೊರಗೆ ಬಿಸಿ ತಾಗಿದೆ ಎಂದಷ್ಟೇ ಅದರ ಅರ್ಥ. ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ (ಸುಲಭಕ್ಕೆ ಸಾಯದ ಕೀಟಾಣುವನ್ನು ಒಳಗಿಟ್ಟು, ಸತ್ತಿತೇ ಎಂದು ನೋಡುವ ಪರೀಕ್ಷೆ) ಮಾಡಿ.

ಕೊನೆಗೆ ಒಣಗಿಸುವುದು. ನಮ್ಮ ಜೂನ್, ಜುಲೈ ಮಳೆಯಲ್ಲಿ ಇದೇ ಜಾಸ್ತಿ ಕಷ್ಟ. ಪೇಪರ್ ಒದ್ದೆಯಿದ್ದರೆ ಕೀಟಾಣು ಅದರೊಳಗಿಂದಲೇ ನುಸುಳುತ್ತದೆ. ಒದ್ದೆ ಪೌಚನ್ನು ಫ್ಯಾನ್ ಕೆಳಗಿಟ್ಟು ಕಪಾಟಿಗೆ ಸೇರಿಸುವ ಉಪಾಯ ಬೇಡ. ಬಿಚ್ಚಿ, ಹೊಸ ಪೌಚ್‌ಗೆ ಹಾಕಿ, ಇನ್ನೊಮ್ಮೆ ಮೊದಲಿಂದ ಇಡಿ.