ಮಳೆ ಚಾರ್ಟಿನ ಮೇಲೆ ಎರಡು ಮಾತು ಬರೆಯಿರಿ

ತೋಟದ ಮಳೆ ಲೆಕ್ಕವನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವವರು ನಮ್ಮ ಕೊಡಗಿನಲ್ಲಿ ಜಾಸ್ತಿ. ಅದನ್ನು ಸುಮ್ನೆ ಚಾರ್ಟ್ ಮಾಡಿದರೆ ನೋಡುವವರಿಗೆ ಬರೀ ಕಂಬಗಳು ಕಾಣುತ್ತವೆ. 2018ರ ಆಗಸ್ಟ್ ಕಂಬದ ಮೇಲೆ ‘ಗುಡ್ಡ ಕುಸಿದ ತಿಂಗಳು’ ಎಂದು ಬರೆಯಿರಿ. ಮಾರ್ಚ್‌ನ ಪುಟ್ಟ ಕಂಬಕ್ಕೆ ‘ಹೂ ಮಳೆ’ ಎನ್ನಿ, ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ ಅದು. ಆ ಒಂದಿಂಚು ಮಳೆಯ ಬೆಲೆ ಕಾಫಿ ಬೆಳೆಯುವ ನಮಗೆ ಗೊತ್ತು, ಸಾಲ ಕೊಡುವ ಬ್ಯಾಂಕಿನವರಿಗೆ ಚಾರ್ಟೇ ಹೇಳಬೇಕು, ಅಲ್ವಾ?

ಎಕ್ಸೆಲ್‌ನಲ್ಲಿ ಕಂಬದ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಎಲ್ಲವೂ ಆಯ್ಕೆಯಾಗುತ್ತವೆ. ಸ್ವಲ್ಪ ತಡೆದು ಇನ್ನೊಮ್ಮೆ ಒತ್ತಿ, ಅದೊಂದೇ ಉಳಿಯುತ್ತದೆ. ರೈಟ್ ಕ್ಲಿಕ್ ಮಾಡಿ ಡೇಟಾ ಲೇಬಲ್ ಸೇರಿಸಿ, ಅಂಕಿಯ ಜಾಗದಲ್ಲಿ ನಿಮ್ಮ ಮಾತು ಟೈಪ್ ಮಾಡಿ. ಆ ಕಂಬಕ್ಕೆ ಕಡು ಹಸಿರು, ಉಳಿದದ್ದಕ್ಕೆ ಬೂದು ಬಣ್ಣ ಕೊಡಿ. ಎರಡು ಮೂರು ಕಡೆ ಬರೆದರೆ ಸಾಕು.