ಮನೆ ವೈನ್: ಮುಚ್ಚಳ ಬಿಗಿಯುವ ಮುನ್ನ

ನಮ್ಮ ದೊಡ್ಡಮ್ಮನ ಅಡುಗೆಮನೆಯ ಸೂರಿನಲ್ಲಿ ಒಂದು ನೇರಳೆ ಕಲೆ ಇದೆ. ಎರಡು ಸಲ ಸುಣ್ಣ ಬಳಿದರೂ ಹೋಗಿಲ್ಲ. ಕ್ರಿಸ್‌ಮಸ್‌ಗೆಂದು ಸಜ್ಜೆ ಮೇಲೆ ಇಟ್ಟಿದ್ದ ವೈನ್ ಬಾಟಲಿ ಒಂದು ರಾತ್ರಿ ಢಮಾರ್ ಎಂದಿತ್ತು. ಮುಚ್ಚಳ ಬಿಗಿದವನು ನಾನೇ. ‘ಇನ್ನೂ ಗುಳ್ಳೆ ಬರ್ತಿದೆ ಕಣೋ, ಈಗ್ಲೇ ಮುಚ್ಚಬೇಡ’ ಅಂದಿದ್ದರು ದೊಡ್ಡಮ್ಮ. ಗುಳ್ಳೆ ಉಳಿಯಲಿ ಅಂತಲೇ ನಾನು ಮುಚ್ಚಿದ್ದೆ.

ಆಮೇಲೆ ಎಷ್ಟೋ ಮನೆಗಳಲ್ಲಿ ಇದೇ ತಪ್ಪು ನೋಡಿದೆ. ಸಿಹಿಯೂ ಇರಬೇಕು, ಬುರುಬುರು ಗುಳ್ಳೆಯೂ ಬೇಕು ಅಂತ ಎಲ್ಲರಿಗೂ ಆಸೆ. ಎರಡೂ ಸಿಗುತ್ತವೆ. ಆದರೆ ಒಂದೇ ಬಾಟಲಿಯೊಳಗೆ ಅಲ್ಲ.

ಮೊದಲು ಹಣ್ಣು. ಬೆಂಗಳೂರು ನೀಲಿ ದ್ರಾಕ್ಷಿಯೇ ಆಗಬೇಕು. ಬೀಜ ಇರುವ, ದಪ್ಪ ಸಿಪ್ಪೆಯ, ಮೂಗಿಗೆ ಹತ್ತಿರ ತಂದರೆ ಘಮ್ಮೆನ್ನುವ ಆ ಹುಳಿಸಿಹಿ ಹಣ್ಣು. ಬೀಜವಿಲ್ಲದ ಹಸಿರು ದ್ರಾಕ್ಷಿಯಲ್ಲಿ ಮಾಡಿದರೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. 2 ಕೆಜಿ ಹಣ್ಣು ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ಆರಿಸಿ. ಕೊಳೆತದ್ದು ಒಂದೂ ಬೇಡ.

ಬಿಸಿನೀರಲ್ಲಿ ತೊಳೆದು ಒಣಗಿಸಿದ ಪಿಂಗಾಣಿ ಜಾಡಿಯಲ್ಲಿ ಹಣ್ಣನ್ನು ಕೈಯಿಂದ ಕಿವುಚಿ. ಮಿಕ್ಸಿಗೆ ಹಾಕಲೇಬೇಡಿ. ಬೀಜ ಒಡೆದರೆ ವೈನ್ ಕಹಿಯಾಗುತ್ತದೆ, ಆ ಕಹಿಗೆ ಮದ್ದಿಲ್ಲ. ಕುದಿಸಿ ಆರಿಸಿದ ನೀರು ಒಂದೂವರೆ ಲೀಟರ್, ಸಕ್ಕರೆ 400 ಗ್ರಾಂ, ಅರ್ಧ ಚಮಚ ಈಸ್ಟ್ ಸೇರಿಸಿ. ಬೇಕರಿ ಈಸ್ಟ್ ನಡೆಯುತ್ತದೆ, ವೈನ್ ಈಸ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಹಳೇ ಪೊಟ್ಟಣದ ಈಸ್ಟ್ ಬೇಡ. ಚಕ್ಕೆ, ಲವಂಗ, ಒಂದು ಹಿಡಿ ಗೋಧಿ ಹಾಕುವ ಮನೆಗಳಿವೆ. ನಾನು ಹಾಕುವುದಿಲ್ಲ. ಮಸಾಲೆ ಘಮ ಬೇಕಿದ್ದರೆ ಟೀ ಇದೆಯಲ್ಲ!

‘ಹಣ್ಣಿನಷ್ಟೇ ಸಕ್ಕರೆ’ ಅನ್ನುವ ಲೆಕ್ಕ ನಿಮ್ಮ ಮನೆಯಲ್ಲೂ ಇರಬಹುದು. ಅದರಲ್ಲೇ ಎಡವಟ್ಟಾಗುವುದು. ಅಷ್ಟು ಸಕ್ಕರೆಯಲ್ಲಿ ಈಸ್ಟ್ ಅರ್ಧ ದಾರಿಯಲ್ಲೇ ಸುಸ್ತಾಗಿ ಮಲಗುತ್ತದೆ. ಸಾಯುವುದಿಲ್ಲ, ಮಲಗುತ್ತದೆ ಅಷ್ಟೆ. ಸಕ್ಕರೆ ಹಾಗೇ ಉಳಿದಿರುತ್ತದೆ. ನೀವು ಬಾಟಲಿಗೆ ತುಂಬಿ ಬಿಗಿದ ಮೇಲೆ, ಒಂದು ಸೆಖೆಯ ದಿನ ಅದು ಮತ್ತೆ ಎದ್ದು ಸಕ್ಕರೆ ತಿಂದು ಗ್ಯಾಸ್ ಬಿಡಲು ಶುರು ಮಾಡುತ್ತದೆ. ಲೀಟರಿಗೆ 4 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಕ್ಕರೆ ಹುದುಗಿದರೆ ಬಾಟಲಿಯೊಳಗೆ ಸುಮಾರು 1 ಬಾರ್ ಒತ್ತಡ ಏರುತ್ತದೆ. ಕಾರಿನ ಟೈರಿನಲ್ಲಿ ಇರುವುದೇ 2 ಬಾರ್ ಆಸುಪಾಸು. ಶಾಂಪೇನ್‌ನಲ್ಲಿ 5-6 ಬಾರ್ ಇರುತ್ತದೆ, ಅದಕ್ಕೇ ಆ ಬಾಟಲಿ ಅಷ್ಟು ದಪ್ಪ. ನಿಮ್ಮ ಜ್ಯೂಸ್ ಬಾಟಲಿಯಲ್ಲಿ ಲೀಟರಿಗೆ 100 ಗ್ರಾಂ ಉಳಿದಿದ್ದರೆ? ಲೆಕ್ಕ ನೀವೇ ಹಾಕಿ.

ಹಾಗಾದರೆ ಇಟಲಿಯ ಆಸ್ತಿ ಎಂಬ ಊರಿನ ಕಡೆಯವರು ಸಿಹಿಯೂ ಗುಳ್ಳೆಯೂ ಇರುವ ಮೊಸ್ಕಾತೊ ವೈನ್ ಹೇಗೆ ಮಾಡುತ್ತಾರೆ? ಹಿಂದೆ ಅಲ್ಲಿ ಹುದುಗುತ್ತಿದ್ದ ರಸವನ್ನು ಬಟ್ಟೆ ಚೀಲಗಳಲ್ಲಿ ಮತ್ತೆ ಮತ್ತೆ ಸೋಸಿ ಈಸ್ಟ್ ತೆಗೆಯುತ್ತಿದ್ದರು. 1895ರಲ್ಲಿ ಅಲ್ಲಿನ ವೈನ್ ಸಂಶೋಧನಾ ಕೇಂದ್ರದ ಫೆದೆರಿಕೊ ಮಾರ್ತಿನೊತ್ತಿ, ಮುಚ್ಚಿದ ದೊಡ್ಡ ಟ್ಯಾಂಕಿನಲ್ಲೇ ಗುಳ್ಳೆ ಹಿಡಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಈಗ ಆಲ್ಕೋಹಾಲ್ ಶೇ 5ರ ಹತ್ತಿರ ಬರುತ್ತಲೇ ಟ್ಯಾಂಕನ್ನು ತಣ್ಣಗೆ ಮಾಡಿ, ಈಸ್ಟನ್ನು ಪೂರ್ತಿ ಸೋಸಿಬಿಡುತ್ತಾರೆ. ನಮ್ಮ ಟೀ ಸೋಸುವ ಜಾಲರಿಯಿಂದ ಅದು ಆಗದ ಕೆಲಸ. ಮಸ್ಲಿನ್ ಬಟ್ಟೆ ನಾಲ್ಕು ಮಡಿಕೆ ಮಾಡಿದರೂ ಈಸ್ಟ್ ನುಸುಳುತ್ತದೆ.

ಸರಿ, ಜಾಡಿಗೆ ಬರೋಣ. ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೆರಡು ಸಲ ಒಣ ಮರದ ಸೌಟಿನಿಂದ ಮೇಲೆ ತೇಲುವ ಸಿಪ್ಪೆಯನ್ನು ಒಳಗೆ ಒತ್ತಿ. ಏಳೆಂಟು ದಿನಕ್ಕೆ ಸೋಸಿ, ಕಿರಿದಾದ ಬಾಯಿಯ ಗಾಜಿನ ಬುಡ್ಡಿಗೆ ಹಾಕಿ. 21 ದಿನ ಜಾಡಿಯಲ್ಲೇ ಬಿಡುವ ರೂಢಿ ನನಗೆ ಒಗ್ಗಲಿಲ್ಲ. ನೊರೆ ಇಳಿದ ಮೇಲೆ ಗಾಳಿ ಆಡಿದರೆ ವೈನ್ ವಿನೆಗರ್ ಆಗುತ್ತದೆ.

ಬುಡ್ಡಿಯ ಬಾಯಿಗೆ ಬಲೂನ್ ಸಿಕ್ಕಿಸಿ, ಅದಕ್ಕೆ ಸೂಜಿಯಿಂದ ಒಂದು ತೂತು ಮಾಡಿ. ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಹುದುಗುವಷ್ಟು ದಿನ ಬಲೂನ್ ನಿಂತಿರುತ್ತದೆ. ಅದು ಜೋತುಬಿದ್ದ ಮೇಲೆ ಇನ್ನೂ ಒಂದು ವಾರ ಸುಮ್ನೆ ಬಿಡಿ. ಆಮೇಲೆ ಒಂದು ಚಮಚ ಬಾಯಿಗೆ ಹಾಕಿ ನೋಡಿ. ಸಿಹಿ ಪೂರ್ತಿ ಹೋಗಿ, ಬರೀ ಹುಳಿ, ಒಗರು ಇರಬೇಕು. ‘ಅಯ್ಯೋ, ಕೆಟ್ಟೋಯ್ತು’ ಅಂತ ಗಾಬರಿಯಾಗಬೇಡಿ, ಈ ರುಚಿಯೇ ಬೇಕಾಗಿದ್ದು. ನಾಲಗೆ ನಂಬದವರು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತರಿಸಿಕೊಳ್ಳಿ. 1.000ಕ್ಕಿಂತ ಕೆಳಗಿಳಿದು, ಮೂರು ದಿನ ಅಲ್ಲಾಡದೆ ನಿಂತರೆ ಮುಗಿಯಿತು. ತಳದ ಗಷ್ಟು ಕದಡದಂತೆ ಸಣ್ಣ ಪೈಪ್ ಇಳಿಬಿಟ್ಟು ಮೇಲಿನ ತಿಳಿ ಮಾತ್ರ ಎಳೆಯಿರಿ.

ಇನ್ನು ಗುಳ್ಳೆ. ಲೀಟರಿಗೆ ಎರಡು ಸಣ್ಣ ಚಮಚ ಸಕ್ಕರೆ, ತೂಕದಲ್ಲಿ 8 ಗ್ರಾಂ, ಕರಗಿಸಿ ಹಾಕಿ. ಹೆಚ್ಚು ಬೇಡ. ಗಾಜಿನ ಬಾಟಲಿ ಬೇಡವೇ ಬೇಡ. ಕೂಲ್‌ಡ್ರಿಂಕ್ಸ್ ಬಂದಿದ್ದ ಪ್ಲಾಸ್ಟಿಕ್ ಬಾಟಲಿ ತೊಳೆದು, ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿ, ಮುಚ್ಚಿ. ದಿನಾ ಹಿಸುಕಿ ನೋಡಿ. ಅಂಗಡಿಯಿಂದ ತಂದ ಸೋಡಾದಷ್ಟು ಗಟ್ಟಿಯಾದ ದಿನವೇ ಫ್ರಿಜ್‌ಗೆ. ಮಾರುವ ಯೋಚನೆ ಬೇಡ, ಅದಕ್ಕೆ ಅಬಕಾರಿ ಪರವಾನಗಿ ಬೇಕು.

ಸಿಹಿ ಎಲ್ಲಿ ಅಂತೀರಾ? ಲೋಟದಲ್ಲಿ. ಆರಿದ ಸಕ್ಕರೆ ಪಾಕ ಎರಡು ಚಮಚ ತಳಕ್ಕೆ ಹಾಕಿ, ಲೋಟ ಓರೆ ಹಿಡಿದು ತಣ್ಣನೆ ವೈನ್ ನಿಧಾನ ಸುರಿಯಿರಿ. ಕಲಕಬೇಡಿ, ಗುಳ್ಳೆಯೇ ಕಲಕಿಕೊಳ್ಳುತ್ತದೆ. ಕುಸ್ವಾರ್ ಅಂದರೆ ಕ್ರಿಸ್‌ಮಸ್ ತಿಂಡಿ ತಟ್ಟೆಯ ನೆವ್ರಿ (ಸಿಹಿ ಕರ್ಜಿಕಾಯಿ) ಜೊತೆ ಕುಡಿಯುವುದಾದರೆ ಒಂದೇ ಚಮಚ ಸಾಕು. ಬಾಟಲಿ ಮಾತ್ರ ಸಿಂಕ್ ಮೇಲೆ ಹಿಡಿದೇ ತೆರೆಯಿರಿ.